ಮಕ್ಕಳ ಹೆಸರಿನ ಹಣ: ಬ್ಯಾಂಕಿನಲ್ಲಿರಲೇ, ಷೇರು ಪೇಟೆಗೆ ಹೋಗಲೇ?

ಭತ್ತದ ಬಯಲು, ಸಿಂಧನೂರು

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಊರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ 5 ಎಕರೆ ಗದ್ದೆ ಇದೆ. ಮಗ 8ನೆಯ ತರಗತಿಯಲ್ಲಿದ್ದಾನೆ, ಮಗಳಿಗೆ 4 ವರ್ಷ ತುಂಬಿದೆ. ನಮ್ಮ ತಂದೆಯವರು ಹಳೆಯ ನಿವೇಶನವೊಂದನ್ನು ಮಾರಿ, ಮೊಮ್ಮಕ್ಕಳ ಓದಿಗೆಂದು 3 ಲಕ್ಷ ರೂಪಾಯಿ ಕೈಗಿಟ್ಟಿದ್ದಾರೆ. ನಾನು ಬೇರೆಯಾಗಿ ತಿಂಗಳಿಗೆ 4,000 ತೆಗೆದಿಡಬಲ್ಲೆ.

ಜಗಳ ಶುರುವಾಗಿದ್ದು ಇಲ್ಲಿಂದ. ಎಫ್‌ಡಿ ಬಿಟ್ಟು ಬೇರೆಲ್ಲಿಯಾದರೂ ಇಡುವುದಾದರೆ ಹಣ ವಾಪಸ್ ಕೊಡು ಎನ್ನುತ್ತಾರೆ ತಂದೆ. ಬೆಂಗಳೂರಿನಲ್ಲಿರುವ ತಮ್ಮ ಫೋನಿನಲ್ಲಿ ನಕ್ಕು, ‘ಎಫ್‌ಡಿ ಬಡ್ಡಿ ಕಾಲೇಜಿನ ಫೀಸಿನ ಹಿಂದೆ ಓಡಿ ಓಡಿ ಸುಸ್ತಾಗುತ್ತದೆ, ಎಲ್ಲವನ್ನೂ ಷೇರಿಗೆ ಹಾಕು’ ಎನ್ನುತ್ತಾನೆ. ರಾತ್ರಿ ಊಟಕ್ಕೆ ಕುಳಿತರೆ ನಮ್ಮ ಮನೆಯಲ್ಲಿ ಇದೇ ಪಂಚಾಯಿತಿ. ಅನುಭವ ಇರುವವರು ಹೇಳಿ, ಯಾರ ಮಾತು ಕೇಳಲಿ?

ನಿವೃತ್ತ ಅಂಚೆಯವ, ಕೊಪ್ಪಳ

ತಮ್ಮಾ, ಮೊದಲು ಒಂದು ಪ್ರಶ್ನೆ. ‘ಮಕ್ಕಳ ಹಣ’ ಎಂದು ಒಂದೇ ಗಂಟು ಮಾಡಿ ಏಕೆ ಕೇಳುತ್ತೀರಿ? ಮಗನಿಗೆ ಇನ್ನು ಎರಡು ವರ್ಷಕ್ಕೇ ಪಿಯುಸಿ, ಕೋಚಿಂಗ್ ಎಂದು ಖರ್ಚು ಶುರು. ಮಗಳಿಗೆ 14 ವರ್ಷ ಸಮಯವಿದೆ. ಇಬ್ಬರಿಗೂ ಒಂದೇ ಉತ್ತರ ಹೇಗೆ ಸಿಕ್ಕೀತು? ನಿಮ್ಮ ತಂದೆಯವರು ಮಗನ ವಿಷಯದಲ್ಲಿ ಸರಿ. ಮಗಳ ವಿಷಯದಲ್ಲಿ ನಿಮ್ಮ ತಮ್ಮನ ಮಾತು ಅರ್ಧ ಸರಿ.

ಮಗಳಿಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆದಿದ್ದೀರಾ? 10 ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಮಾತ್ರ ಇರುವುದು ಅದು. ವರ್ಷಕ್ಕೆ ಕನಿಷ್ಠ 250, ಗರಿಷ್ಠ 1.5 ಲಕ್ಷ ರೂಪಾಯಿ. 15 ವರ್ಷ ಕಟ್ಟಬೇಕು, ತೆರೆದ ದಿನದಿಂದ 21 ವರ್ಷಕ್ಕೆ ಮುಗಿಯುತ್ತದೆ. 2024ರ ಜನವರಿಯಲ್ಲಿ ಬಡ್ಡಿಯನ್ನು ಶೇ 8.2ಕ್ಕೆ ಏರಿಸಿದರು, ಬಡ್ಡಿಗೆ ತೆರಿಗೆ ಇಲ್ಲ. ಕಟ್ಟುವುದಿದ್ದರೆ ಪ್ರತಿ ತಿಂಗಳ 5ನೆಯ ತಾರೀಖಿನೊಳಗೆ ಕಟ್ಟಿ. 5ರಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಶಿಲ್ಕಿಗೆ ಬಡ್ಡಿ ಲೆಕ್ಕ ಹಾಕುತ್ತಾರೆ. 6ಕ್ಕೆ ಹೋದರೆ ಆ ತಿಂಗಳ ಬಡ್ಡಿ ಹೋದಂತೆ. ಇದನ್ನು ಕೌಂಟರಿನಲ್ಲಿ ಕುಳಿತು ಎಷ್ಟು ಜನರಿಗೆ ಹೇಳಿದ್ದೇನೋ!

ಪಾಳಿ ಕೆಲಸದವ, ತೋರಣಗಲ್ಲು

ಅಂಚೆಯ ಹಿರಿಯರಿಗೆ ನಮಸ್ಕಾರ. ಸುಕನ್ಯಾ ಒಳ್ಳೆಯದೇ, ಆದರೆ ಅದರ ತೊಡಕು ಎಲ್ಲಿದೆ ಎಂಬುದನ್ನೂ ಹೇಳಬೇಕಲ್ಲವೇ? ಈಗ ತೆರೆದರೆ ಈ ಅಣ್ಣನ ಮಗಳಿಗೆ 25 ವರ್ಷವಾದಾಗ ಪೂರ್ತಿ ಹಣ ಕೈಗೆ ಬರುತ್ತದೆ. ಆಕೆ ಎಂಜಿನಿಯರಿಂಗೋ ನರ್ಸಿಂಗೋ ಸೇರುವುದು 18ಕ್ಕೆ. ಆಗ ಓದಿಗೆಂದು ತೆಗೆಯಬಹುದಾದದ್ದು ಹಿಂದಿನ ಆರ್ಥಿಕ ವರ್ಷದ ಕೊನೆಯ ಶಿಲ್ಕಿನ ಅರ್ಧ ಮಾತ್ರ. ಉಳಿದ ಅರ್ಧಕ್ಕೆ ಸಾಲ ಮಾಡುವುದೇ?

ಆ ಸಂದಿಯನ್ನು ತುಂಬಲು ಷೇರು ಬೇಕು. ಷೇರು ಎಂದರೆ ಯಾವುದೋ ಕಂಪನಿಯ ಹೆಸರು ಕೇಳಿ ಕೊಳ್ಳುವುದಲ್ಲ. ನಿಫ್ಟಿ 50 ಸೂಚ್ಯಂಕದ ಫಂಡ್‌ನಲ್ಲಿ, ಅಂದರೆ ಆ ಪಟ್ಟಿಯ 50 ದೊಡ್ಡ ಕಂಪನಿಗಳ ಷೇರನ್ನು ಒಟ್ಟಿಗೆ ಕೊಳ್ಳುವ ನಿಧಿಯಲ್ಲಿ, ತಿಂಗಳ ಕಂತು ಕಟ್ಟುವ ಎಸ್‌ಐಪಿ. ನನ್ನ ಮಗನ ಹೆಸರಿನಲ್ಲಿ ಅದನ್ನೇ ಮಾಡುತ್ತಿದ್ದೇನೆ. 2020ರ ಮಾರ್ಚ್ 23ರಂದು ಷೇರು ಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ ಶೇ 13ರಷ್ಟು ಬಿದ್ದಾಗ ನಮ್ಮ ಪಾಳಿಯಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಜೊತೆಯವರೊಬ್ಬರು ಆ ವಾರವೇ ಎಲ್ಲವನ್ನೂ ಮಾರಿ ಹೊರಬಂದರು. ನಾನು ಕಂತು ನಿಲ್ಲಿಸಲಿಲ್ಲ. ನಿಲ್ಲಿಸದಿರಲು ಧೈರ್ಯ ಕಾರಣವಲ್ಲ, ತಿಂಗಳ ಸಂಬಳ ಬರುತ್ತಿತ್ತು ಅಷ್ಟೇ. ಅದೇ ವರ್ಷ ಮುಗಿಯುವ ಮೊದಲು ಪೇಟೆ ಹಳೆಯ ಎತ್ತರವನ್ನು ದಾಟಿತು.

ಜೀನ್ಸ್ ಹೊಲಿಗೆ, ಬಳ್ಳಾರಿ

ಅಷ್ಟು ಬೇಗ ಏರಿದ್ದು ನಿಮ್ಮ ಅದೃಷ್ಟ. 2008ರ ಕಥೆ ಹೇಳಿ ನೋಡೋಣ. ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ 2009ರ ಮಾರ್ಚ್‌ನಲ್ಲಿ 8,000ದ ಆಸುಪಾಸಿನಲ್ಲಿತ್ತು. ಮತ್ತೆ 21,000 ನೋಡಲು 2010ರ ಕೊನೆ ಬರಬೇಕಾಯಿತು. ನಡುವೆ ಮಗಳ ಫೀಸು ಕಟ್ಟಬೇಕಾದವನು ಏನು ಮಾಡಬೇಕು?

ನನ್ನ ಸಲಹೆ ಹಳೆಯದು: ಚಿನ್ನ. ಹೆಣ್ಣುಮಗು ಬೇರೆ ಇದೆ. ಬೀರುವಿನಲ್ಲಿದ್ದರೆ ಬೇಕೆಂದಾಗ ಅಡವಿಟ್ಟು ಅರ್ಧ ಗಂಟೆಯಲ್ಲಿ ಹಣ ತರಬಹುದು. ದೀಪಾವಳಿಗೆ ಮುಂಚೆ ಬಟ್ಟೆ ತರಲು ಬಂಡವಾಳ ಬೇಕಾದಾಗ ನಾನು ಮಾಡುವುದು ಅದನ್ನೇ.

ಲೆಕ್ಕ ಬರೆಯುವವ, ರಾಯಚೂರು

ಬಳ್ಳಾರಿಯವರು ತಮ್ಮ ವಾದವನ್ನು ತಾವೇ ಮುರಿದರು. ಬೇಕೆಂದಾಗ ಅಡವಿಡಬಹುದು ಎಂಬುದೇ ಮಗುವಿನ ಚಿನ್ನದ ದೋಷ. ನಾಟಿ ಹೊತ್ತಿಗೆ ಗೊಬ್ಬರಕ್ಕೆ ಅಡವು, ಸುಗ್ಗಿ ಕೆಟ್ಟರೆ ಬಡ್ಡಿ ಕಟ್ಟಲು ಮತ್ತೆ ಸಾಲ, ಕೊನೆಗೆ ಹರಾಜಿನ ನೋಟಿಸು. ನನ್ನ ಮೇಜಿನ ಮೇಲೆ ಬರುವ ಕಡತಗಳಲ್ಲಿ ಇದನ್ನು ನೋಡುತ್ತಲೇ ಇರುತ್ತೇನೆ. ಚಿನ್ನದ ಬೆಲೆ ಏರುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಏರಿದೆ, ಚೆನ್ನಾಗಿಯೇ ಏರಿದೆ. ಆದರೆ ಒಡವೆ ಮಾಡಿಸಿದರೆ ಮಜೂರಿ, ಅದರ ಜೊತೆ ಶೇ 3 ಜಿಎಸ್‌ಟಿ. ಮಾರುವಾಗ ಇವೆರಡೂ ವಾಪಸ್ ಬರುವುದಿಲ್ಲ.

ಸಿಂಧನೂರಿನ ಅಣ್ಣ, ನೀವು ಕೇಳಬೇಕಾದ ಪ್ರಶ್ನೆ ಬೇರೆ. ಅಂಗಡಿಯ ಉದ್ರಿ ಸಿಕ್ಕಿಕೊಂಡಾಗ, ಅಥವಾ ಕಾಲುವೆಗೆ ನೀರು ಬಾರದೆ ಎರಡನೆಯ ಬೆಳೆ ಹೋದಾಗ, ಯಾವ ಹಣಕ್ಕೆ ಕೈ ಹಾಕುತ್ತೀರಿ? ಆ ಹಣ ಬೇರೆಯಾಗಿ ಇಲ್ಲದಿದ್ದರೆ ಎಫ್‌ಡಿಯೂ ಉಳಿಯುವುದಿಲ್ಲ, ಎಸ್‌ಐಪಿಯೂ ಉಳಿಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ನಮ್ಮ ಕಡೆ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲ ಎಂಬುದು ನಿಮಗೇ ಗೊತ್ತು. ಸಂಬಳದವರ ಸಲಹೆಯನ್ನು ನೀರು ನಂಬಿದವರು ಹಾಗೆಯೇ ನುಂಗಬಾರದು.

ಭತ್ತದ ಬಯಲು, ಸಿಂಧನೂರು

ಸರ್, ಆ ಪ್ರಶ್ನೆ ನೆಟ್ಟಗೆ ತಾಗಿತು. ಅಂಗಡಿಗೆಂದು ಒಂದು ಸುಗ್ಗಿಯ ಖರ್ಚು ಬೇರೆ ಖಾತೆಯಲ್ಲಿದೆ. ಉದ್ರಿ ಪುಸ್ತಕ ಮಾತ್ರ ನನಗಿಂತ ದಪ್ಪವಾಗಿದೆ! ಮೂರು ಲಕ್ಷವನ್ನು ಮನೆಯ ಹತ್ತಿರದ ಒಂದು ಸೌಹಾರ್ದ ಸಹಕಾರಿ ಸಂಘದಲ್ಲಿ ಇಡು, ಬ್ಯಾಂಕಿಗಿಂತ ಎರಡು ಪರ್ಸೆಂಟ್ ಹೆಚ್ಚು ಬಡ್ಡಿ ಎಂದು ಪಿಗ್ಮಿ ಸಂಗ್ರಹಿಸಲು ಬರುವ ಹುಡುಗ ಹೇಳುತ್ತಿದ್ದಾನೆ. ತಂದೆಗೆ ಅದು ಒಪ್ಪಿಗೆಯಾಗಿದೆ. ಅದರ ಬಗ್ಗೆ?

ಶಾಲೆಯ ಅಕ್ಕ, ಗಂಗಾವತಿ

ಬೇಡ ಅಣ್ಣ. ನನ್ನ ಸೋದರಮಾವನವರು ನಿವೃತ್ತಿಯ ಹಣವನ್ನು ಅಂಥದ್ದೇ ಒಂದು ಸಂಸ್ಥೆಯಲ್ಲಿಟ್ಟರು. ಹೆಸರು ಹೇಳುವುದಿಲ್ಲ. ಬಾಗಿಲಿಗೆ ಬೀಗ ಬಿದ್ದ ಮೇಲೆ ಈಗ ಸಭೆ, ಮನವಿ, ಮತ್ತೆ ಸಭೆ. ಎಲ್ಲ ಸೌಹಾರ್ದಗಳೂ ಹಾಗಲ್ಲ, ಚೆನ್ನಾಗಿ ನಡೆಯುವವು ನಮ್ಮ ಊರಿನಲ್ಲೇ ಇವೆ. ಆದರೆ ಮುಳುಗಿದರೆ ಹಿಡಿಯುವವರು ಯಾರು?

ಲೆಕ್ಕ ಬರೆಯುವವ, ರಾಯಚೂರು

ಅಕ್ಕನವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಅದು 1 ಲಕ್ಷವಿತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಅನ್ವಯಿಸುತ್ತದೆ. ಪತ್ತಿನ ಸಹಕಾರ ಸಂಘಕ್ಕೆ, ಬ್ಯಾಂಕ್ ಪರವಾನಗಿ ಇಲ್ಲದ ಸೌಹಾರ್ದಕ್ಕೆ ಅನ್ವಯಿಸುವುದಿಲ್ಲ. ಬೋರ್ಡಿನ ಬಣ್ಣ, ಕೌಂಟರು, ಪಾಸ್‌ಬುಕ್ಕು ಎಲ್ಲವೂ ಬ್ಯಾಂಕಿನಂತೆಯೇ ಕಾಣುವುದರಿಂದ ಜನ ಮೋಸಹೋಗುತ್ತಾರೆ. ಎರಡು ಪರ್ಸೆಂಟ್ ಹೆಚ್ಚು ಬಡ್ಡಿ ಆ ಇಲ್ಲದ ವಿಮೆಯ ಬೆಲೆ. ನಿಮ್ಮ ತಂದೆಯವರು ಷೇರನ್ನು ಅಪಾಯ ಎಂದು ಬೈಯುತ್ತ ಇದನ್ನು ಒಪ್ಪಿಕೊಂಡಿರುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಕ್ಷಮಿಸಿ, ಹಿರಿಯರ ಬಗ್ಗೆ ಹಾಗೆ ಹೇಳಬಾರದು.

ನಿವೃತ್ತ ಅಂಚೆಯವ, ಕೊಪ್ಪಳ

ಮಗನ ವಿಷಯ ಮುಗಿಸಿಬಿಡೋಣ. ಅಂಚೆಯ ಆರ್‌ಡಿ ಎಂದು ಓಡಬೇಡಿ. ನಾನೇ ಅಂಚೆಯವನಾಗಿ ಹೇಳುತ್ತಿದ್ದೇನೆ. ಅದು ತಿಂಗಳ ಕಂತು ಕಟ್ಟುವ 5 ವರ್ಷದ ಠೇವಣಿ. ಮೂರು ವರ್ಷದ ನಂತರ ಮುರಿಯಬಹುದು, ಆದರೆ ಅವಧಿಗೆ ಒಂದು ದಿನ ಮುಂಚೆ ಮುರಿದರೂ ಉಳಿತಾಯ ಖಾತೆಯ ಬಡ್ಡಿಯೇ ಗತಿ, ಅಂದರೆ ಶೇ 4. ನಿಮ್ಮ ಮಗ 5 ವರ್ಷ ಕಾಯುವುದಿಲ್ಲ. ಎರಡನೆಯ ಪಿಯುಸಿ ಮುಗಿಯುವುದು ಅದಕ್ಕೂ ಮೊದಲೇ. ಬ್ಯಾಂಕಿನಲ್ಲಾದರೆ 2 ವರ್ಷ, 4 ವರ್ಷ ಎಂದು ನಿಮಗೆ ಬೇಕಾದ ಅವಧಿಗೆ ಆರ್‌ಡಿ ಮಾಡಿಸಬಹುದು. ತಂದೆಯವರ ಹಣದಲ್ಲಿ ಮಗನ ಪಾಲಿನ ಒಂದೂವರೆ ಲಕ್ಷವನ್ನು ಒಂದೇ ಎಫ್‌ಡಿ ಮಾಡದೆ, ಪಿಯುಸಿ ಸೇರುವಾಗ ಕೈಗೆ ಬರುವಂತೆ ಒಂದು, ಪದವಿಗೆ ಬರುವಂತೆ ಇನ್ನೊಂದು ಎಂದು ಒಡೆದು ಇಡಿ. ಅದರಲ್ಲಿ ಒಂದು ಪೈಸೆಯೂ ಷೇರಿಗೆ ಹೋಗಬಾರದು.

ಪಾಳಿ ಕೆಲಸದವ, ತೋರಣಗಲ್ಲು

ಅದಕ್ಕೆ ನನ್ನ ತಕರಾರಿಲ್ಲ. ಐದು ವರ್ಷದೊಳಗೆ ಬೇಕಾದ ಹಣವನ್ನು ನಾನೂ ಪೇಟೆಗೆ ಹಾಕುವುದಿಲ್ಲ.

ಮಗಳ ಲೆಕ್ಕ ನೋಡಿ ಅಣ್ಣ. ತಿಂಗಳಿಗೆ 2,000ದಂತೆ 14 ವರ್ಷ ಕಟ್ಟಿದರೆ ನಿಮ್ಮ ಜೇಬಿನಿಂದ ಹೋಗುವುದು 3.36 ಲಕ್ಷ. ಶೇ 7ರಂತೆ ಬೆಳೆದರೆ ಸುಮಾರು 5.7 ಲಕ್ಷ, ಶೇ 10ರಂತೆ ಬೆಳೆದರೆ 7.3 ಲಕ್ಷ. ಪೇಟೆ ಕೈಕೊಟ್ಟು ಶೇ 5 ಮಾತ್ರ ಸಿಕ್ಕರೂ 4.85 ಲಕ್ಷ. ಹತ್ತು ಸಿಕ್ಕೇ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಅಂಗಡಿಯಿಂದ ಎದ್ದು ಬನ್ನಿ. ಎಲ್ಲೋ ಒಂದು ಕಡೆ 15 ಎಂದು ಬರೆದ ಕರಪತ್ರ ಹಂಚುತ್ತಿದ್ದುದನ್ನೂ ನೋಡಿದ್ದೇನೆ.

ಇನ್ನೊಂದು ವಿಷಯ. ಆಕೆಗೆ 15 ತುಂಬುತ್ತಿದ್ದಂತೆ ಪೇಟೆಯಲ್ಲಿರುವುದನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಬ್ಯಾಂಕಿಗೆ ತನ್ನಿ. ಬಳ್ಳಾರಿಯವರು ಹೇಳಿದ 2008 ಬಂದರೂ ಫೀಸಿನ ಹಣ ಆಗ ಪೇಟೆಯಲ್ಲಿ ಇರುವುದಿಲ್ಲ. ಅವರ ಭಯಕ್ಕೆ ನನ್ನ ಬಳಿ ಇರುವ ಉತ್ತರ ಇಷ್ಟೇ.

ಜೀನ್ಸ್ ಹೊಲಿಗೆ, ಬಳ್ಳಾರಿ

ಉತ್ತರ ಪುಸ್ತಕದಲ್ಲಿ ಚೆನ್ನಾಗಿದೆ. ಪೇಟೆ ಏರುತ್ತಿರುವಾಗ ‘ಇನ್ನು ಆರು ತಿಂಗಳು ಇರಲಿ’ ಎನ್ನದೆ ತೆಗೆಯುವ ಮನುಷ್ಯ ಬಳ್ಳಾರಿಯಲ್ಲಿ ಇನ್ನೂ ಹುಟ್ಟಿಲ್ಲ. ಅದಿರಿನ ಬೆಲೆ ಏರಿದ ಕಾಲದಲ್ಲಿ ಸಾಲ ಮಾಡಿ ಲಾರಿ ಕೊಂಡವರನ್ನು ನಾವು ನೋಡಿಲ್ಲವೇ? 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆ ಲಾರಿಗಳು ರಸ್ತೆ ಬದಿಯಲ್ಲಿ ನಿಂತವು.

ನಮ್ಮ ಘಟಕದ ಹುಡುಗರ ವಿಷಯವನ್ನೂ ಕೇಳಿ. ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಆಪ್ಷನ್ ಎಂದು, ಷೇರು ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟಿ ಆಡುತ್ತಾರೆ. ವಾರದ ಕೂಲಿ ಮಂಗಳವಾರಕ್ಕೆ ಮುಗಿದಿರುತ್ತದೆ. ಇದನ್ನು ನೋಡಿದ ಮೇಲೂ ಮಗುವಿನ ಹಣವನ್ನು ಅದೇ ಪೇಟೆಗೆ ಹಾಕು ಎನ್ನುತ್ತೀರಾ?

ಲೆಕ್ಕ ಬರೆಯುವವ, ರಾಯಚೂರು

ಲಾರಿಯ ಮಾತು ನಿಜ. ಹುಡುಗರ ಮಾತೂ ನಿಜ, ಆದರೆ ಅವರು ಆಡುತ್ತಿರುವುದು ಬೇರೆ ಆಟ. ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದಲ್ಲಿ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದ್ದು ಕಂಡುಬಂತು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅಲ್ಲಿ ವಾರಕ್ಕೆ ಸೋಲು ಗೆಲುವು ತೀರ್ಮಾನವಾಗುತ್ತದೆ. ಸೂಚ್ಯಂಕದ ಫಂಡ್‌ನಲ್ಲಿ 50 ದೊಡ್ಡ ಕಂಪನಿಗಳ ಸಣ್ಣ ಸಣ್ಣ ಪಾಲನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತೇವೆ. ಎರಡನ್ನೂ ಷೇರು ಪೇಟೆ ಎಂದೇ ಕರೆಯುವುದರಿಂದ ಒಂದರ ಪಾಪ ಇನ್ನೊಂದಕ್ಕೆ ಅಂಟಿದೆ.

ತೆರಿಗೆಯ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಗುವಿನ ಹೆಸರಿನಲ್ಲಿ ಇಟ್ಟರೆ ತೆರಿಗೆ ಇಲ್ಲ ಎಂಬುದು ಸಂತೆಯ ಮಾತು. 18 ತುಂಬುವವರೆಗೆ ಮಗುವಿನ ಎಫ್‌ಡಿ ಬಡ್ಡಿ, ಫಂಡ್‌ನ ಲಾಭ ಎಲ್ಲವೂ ತಂದೆತಾಯಿಯರಲ್ಲಿ ಆದಾಯ ಹೆಚ್ಚಿರುವವರ ಲೆಕ್ಕಕ್ಕೆ ಸೇರುತ್ತದೆ. ಹಣ ತಾತ ಕೊಟ್ಟಿದ್ದಾದರೂ ಅಷ್ಟೇ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ನಿಮ್ಮಂಥ ಅಂಗಡಿಯವರಲ್ಲಿ ಬಹಳಷ್ಟು ಜನರಿಗೆ ಎಫ್‌ಡಿ ಬಡ್ಡಿಯ ಮೇಲೆ ಏನೂ ಬೀಳುವುದಿಲ್ಲ. ಷೇರಿನ ಲಾಭಕ್ಕೆ ಆ ರಿಯಾಯಿತಿ ಸಿಗದು. ಒಂದು ವರ್ಷ ಮೀರಿ ಇಟ್ಟುಕೊಂಡು ಮಾರಿದರೆ, ವರ್ಷಕ್ಕೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ 12.5 ತೆರಿಗೆ. ತೋರಣಗಲ್ಲಿನವರು ಹೇಳಿದಂತೆ ಮೂರು ವರ್ಷಗಳಲ್ಲಿ ಹಂಚಿ ತೆಗೆದರೆ ನಿಮ್ಮ ಮೊತ್ತಕ್ಕೆ ಬಹುಶಃ ತೆರಿಗೆಯೇ ಬರುವುದಿಲ್ಲ.

ಶಾಲೆಯ ಅಕ್ಕ, ಗಂಗಾವತಿ

ನೀವೆಲ್ಲ ತಿಂಗಳ ಕಂತು, ತಿಂಗಳ ಕಂತು ಎನ್ನುತ್ತಿದ್ದೀರಿ. ಈ ಅಣ್ಣನ ದುಡ್ಡು ತಿಂಗಳಿಗೆ ಬರುವುದೇ? ಭತ್ತ ಮಾರಿದಾಗ ಬರುತ್ತದೆ, ರೈತರು ಉದ್ರಿ ತೀರಿಸಿದಾಗ ಬರುತ್ತದೆ. ಖಾತೆಯಲ್ಲಿ ಹಣವಿಲ್ಲದ ದಿನ ಎಸ್‌ಐಪಿ ಬಂದು ತಟ್ಟಿದರೆ ಬ್ಯಾಂಕಿನವರು ದಂಡ ಹಾಕುತ್ತಾರೆ.

ನಮ್ಮ ಮನೆಯಲ್ಲಿ ನಾನು ಮಾಡುವುದು ಹೀಗೆ. ನನ್ನ ಅತ್ತೆಯವರು ಗೃಹಲಕ್ಷ್ಮಿಯ 2,000 ಬಂದಾಗಲೆಲ್ಲ ಮೊಮ್ಮಗಳ ಸುಕನ್ಯಾ ಖಾತೆಗೆ ಹಾಕಿಸುತ್ತಾರೆ. ಅದಕ್ಕೆ ಇಂಥ ದಿನ, ಇಷ್ಟೇ ಮೊತ್ತ ಎಂಬ ಕಟ್ಟುಪಾಡಿಲ್ಲ. ನನ್ನ ಯಜಮಾನರು ಅಕ್ಕಿ ಗಿರಣಿಯಿಂದ ಹಣ ಬಂದಾಗ, ವರ್ಷಕ್ಕೆರಡು ಸಲ, ಫಂಡ್‌ಗೆ ಒಟ್ಟಿಗೆ ಹಾಕುತ್ತಾರೆ. ಕಂತಿನ ಜಂಜಾಟವಿಲ್ಲ. ಪಾಸ್‌ಬುಕ್ಕಿನಲ್ಲಿ ತಮ್ಮ ಹಣ ಏರುವುದನ್ನು ಅತ್ತೆಯವರು ಕನ್ನಡಕ ಹಾಕಿಕೊಂಡು ನೋಡುತ್ತಾರೆ. ಫಂಡ್‌ನ ಹಾಳೆ ತೋರಿಸಿದರೆ ‘ಇದು ನನಗೆ ಬೇಡ’ ಎನ್ನುತ್ತಾರೆ. ಇರಲಿ, ಅವರಿಗೆ ಬೇಕಾದದ್ದು ಅವರಿಗಿದೆ.

ಮತ್ತೊಂದು ಮಾತು, ಗಂಡಸರು ಯಾರೂ ಎತ್ತಲಿಲ್ಲ. ದುಡಿಯುವವರಿಗೆ ಏನಾದರೂ ಆದರೆ ಈ ಕಂತುಗಳನ್ನೆಲ್ಲ ಕಟ್ಟುವವರು ಯಾರು? ‘ಮಕ್ಕಳ ಪಾಲಿಸಿ’ ಎಂದು ಉಳಿತಾಯ, ವಿಮೆ ಎರಡನ್ನೂ ಬೆರೆಸಿ ಮಾರುತ್ತಾರೆ, ಅದು ಬೇಡ. ಅಣ್ಣನ ಹೆಸರಿಗೆ ಬರೀ ಟರ್ಮ್ ವಿಮೆ, ಅಂದರೆ ಉಳಿತಾಯ ಬೆರೆಸದ ಜೀವವಿಮೆ, ಇದೆಯೇ?

ಭತ್ತದ ಬಯಲು, ಸಿಂಧನೂರು

ಇಲ್ಲ ಅಕ್ಕ. ಈ ವಾರವೇ ವಿಚಾರಿಸುತ್ತೇನೆ.

ಸುಕನ್ಯಾದ ಬಗ್ಗೆ ಒಂದು ಅನುಮಾನ. 8.2 ಎಂದು ಈಗ ಹೇಳಿ ಆಮೇಲೆ ಇಳಿಸುತ್ತಾರೆಯೇ? ಮಗಳ ಪಾಲಿನ ಒಂದೂವರೆ ಲಕ್ಷವನ್ನು ಒಂದೇ ಸಲ ಹಾಕಿದರೆ?

ನಿವೃತ್ತ ಅಂಚೆಯವ, ಕೊಪ್ಪಳ

ಇಳಿಸಬಹುದು. ಮೂರು ತಿಂಗಳಿಗೊಮ್ಮೆ ಸರ್ಕಾರ ಪರಿಶೀಲಿಸುತ್ತದೆ. 2015ರಲ್ಲಿ ಯೋಜನೆ ಶುರುವಾದಾಗ 9ರ ಮೇಲಿತ್ತು, 2020ರಿಂದ ಮೂರು ವರ್ಷ 7.6ರಲ್ಲೇ ನಿಂತಿತ್ತು. ಎಫ್‌ಡಿಯಂತೆ ಇಟ್ಟ ದಿನದ ದರ ಕೊನೆಯವರೆಗೂ ಉಳಿಯುವುದಿಲ್ಲ, ಇಡೀ ಶಿಲ್ಕಿಗೆ ಆಗಿನ ದರ. ಆದರೂ ಅಸಲಿಗೆ ಭಾರತ ಸರ್ಕಾರದ ಖಾತರಿ ಇದೆ.

ಒಂದೂವರೆ ಲಕ್ಷ ಒಂದೇ ಸಲ ಹಾಕಬಹುದು, ಆದರೆ ಆ ಆರ್ಥಿಕ ವರ್ಷದಲ್ಲಿ ಮತ್ತೇನೂ ಹಾಕುವಂತಿಲ್ಲ. ದರ ಹೀಗೆಯೇ ಇದ್ದರೆ ಆ ಮೊತ್ತವೊಂದೇ 21 ವರ್ಷಕ್ಕೆ ಸುಮಾರು 7.8 ಲಕ್ಷವಾಗುತ್ತದೆ. ಮುಂದಿನ ವರ್ಷಗಳಲ್ಲಿ 250 ಆದರೂ ಕಟ್ಟಿ ಖಾತೆ ಜೀವಂತವಾಗಿಡಿ. ನಡುವೆ ಮುಚ್ಚುವುದು ಸುಲಭವಲ್ಲ. ಮಾರಕ ಕಾಯಿಲೆ, ಪೋಷಕರ ಮರಣದಂಥ ಕಾರಣಗಳಿಗೆ ಮಾತ್ರ. ಉದ್ರಿ ವಸೂಲಾಗಲಿಲ್ಲ ಎಂಬುದು ಅಲ್ಲಿ ಕಾರಣವಲ್ಲ. ನಿಮ್ಮಂಥ ಅಂಗಡಿಯವರಿಗೆ ನಾನು ಸುಕನ್ಯಾ ಹೇಳುವುದು ಬಡ್ಡಿಗಿಂತ ಹೆಚ್ಚಾಗಿ ಆ ಬೀಗಕ್ಕಾಗಿ.

ಜೀನ್ಸ್ ಹೊಲಿಗೆ, ಬಳ್ಳಾರಿ

ಬೀಗವೇ ಬೇಕಿದ್ದರೆ 2024ರಲ್ಲಿ ಬಂದ ಎನ್‌ಪಿಎಸ್ ವಾತ್ಸಲ್ಯ ಹೇಳಿ, ಅದು ಇನ್ನೂ ದೊಡ್ಡ ಬೀಗ!

ಪಾಳಿ ಕೆಲಸದವ, ತೋರಣಗಲ್ಲು

ಅದು ಪಿಂಚಣಿಯ ಖಾತೆ. ಮಗಳ ಕಾಲೇಜಿಗೆ ಹಣ ಹುಡುಕುತ್ತಿರುವವರಿಗೆ ಆಕೆಯ ಮುಪ್ಪಿನ ಚಿಂತೆ ಈಗ ಬೇಡ.

ಭತ್ತದ ಬಯಲು, ಸಿಂಧನೂರು

ನಿನ್ನೆ ರಾತ್ರಿ ಇದೆಲ್ಲವನ್ನೂ ತಂದೆಯವರಿಗೆ ಓದಿ ಹೇಳಿದೆ. ಸೌಹಾರ್ದಕ್ಕೆ ವಿಮೆ ಇಲ್ಲ ಎಂದಾಗ ಸುಮ್ಮನಾದರು. ಅವರು ಕೊಟ್ಟ ಹಣದಲ್ಲಿ ಮಗನ ಪಾಲು ಎರಡು ಎಫ್‌ಡಿ, ಮಗಳ ಪಾಲು ಪೂರ್ತಿ ಸುಕನ್ಯಾ. ನನ್ನ ದುಡಿಮೆಯ 4,000ದಲ್ಲಿ ಮಗನಿಗೆ 2,000 ಬ್ಯಾಂಕಿನ ಆರ್‌ಡಿ. ಮಗಳ 2,000ವನ್ನು ಕೂಡಿಡುತ್ತ ಬಂದು, ಗಂಗಾವತಿಯ ಅಕ್ಕ ಹೇಳಿದಂತೆ ಸುಗ್ಗಿ ಮುಗಿದ ಮೇಲೆ ಸೂಚ್ಯಂಕದ ಫಂಡ್‌ಗೆ ಹಾಕುತ್ತೇನೆ. ‘ನನ್ನ ಹಣ ಷೇರಿಗೆ ಹೋಗಲಿಲ್ಲವಲ್ಲ, ನಿನ್ನದನ್ನು ಏನಾದರೂ ಮಾಡಿಕೋ’ ಎಂದರು ತಂದೆ. ತಮ್ಮನಿಗೆ ಸಮಾಧಾನವಿಲ್ಲ. ಮೂರು ಲಕ್ಷವೂ ಪೇಟೆಗೆ ಹೋಗಬೇಕಿತ್ತು ಎನ್ನುತ್ತಲೇ ಇದ್ದಾನೆ.

ಫಂಡ್ ಯಾರ ಹೆಸರಿನಲ್ಲಿರಬೇಕು, ನನ್ನದೋ ಮಗಳದೋ?

ಲೆಕ್ಕ ಬರೆಯುವವ, ರಾಯಚೂರು

ಮಗಳ ಹೆಸರಿನಲ್ಲಾದರೆ ಜನನ ಪ್ರಮಾಣಪತ್ರ ಬೇಕು, ನೀವು ಪೋಷಕರಾಗಿರುತ್ತೀರಿ, ಜಂಟಿ ಹೆಸರು ಹಾಕುವಂತಿಲ್ಲ. ಕಟ್ಟುವ ಹಣ ನಿಮ್ಮ ಖಾತೆಯಿಂದ ಹೋಗಬಹುದು, ಆದರೆ ಮಾರಿದ ಹಣ ಆಕೆಯ ಬ್ಯಾಂಕ್ ಖಾತೆಗೇ ಬರುತ್ತದೆ. 18 ತುಂಬಿದ ದಿನದಿಂದ ಆಕೆ ತನ್ನ ಕೆವೈಸಿ (ಗುರುತಿನ ದಾಖಲೆ) ಕೊಟ್ಟು ಖಾತೆಯನ್ನು ಬದಲಾಯಿಸಿಕೊಳ್ಳುವವರೆಗೆ ವ್ಯವಹಾರ ನಿಂತಿರುತ್ತದೆ. ಕಾಲೇಜು ಪ್ರವೇಶದ ಗಡಿಬಿಡಿಯ ತಿಂಗಳಲ್ಲೇ ಅದು ಬೀಳುತ್ತದೆ ಎಂಬುದು ನೆನಪಿರಲಿ. ಆಮೇಲೆ ಹಣದ ಮೇಲಿನ ಹಕ್ಕು ಆಕೆಯದು, ನೀವು ಕೇಳಿದರೆ ಕೊಡುತ್ತಾಳೋ ಇಲ್ಲವೋ! ನಿಮ್ಮ ಹೆಸರಿನಲ್ಲಾದರೆ ಇದ್ಯಾವುದೂ ಇಲ್ಲ, ಆದರೆ ಉದ್ರಿ ಸಿಕ್ಕಿಕೊಂಡ ವರ್ಷ ಕೈ ತುರಿಸುತ್ತದೆ. ನಿಮ್ಮ ಪುಸ್ತಕದ ದಪ್ಪ ಕೇಳಿದ ಮೇಲೆ ನಾನು ಮಗಳ ಹೆಸರನ್ನೇ ಹೇಳುತ್ತೇನೆ.

ಶಾಲೆಯ ಅಕ್ಕ, ಗಂಗಾವತಿ

ನಾನಾದರೆ ತಾಯಿಯನ್ನು ಪೋಷಕಿಯನ್ನಾಗಿ ಮಾಡುತ್ತಿದ್ದೆ. ಮಾರಬೇಕಾದರೆ ಅಣ್ಣ ಮೊದಲು ಮನೆಯವರ ಸಹಿ ಕೇಳಬೇಕಾಗುತ್ತದೆ.